ತೋಟದಾಚೆ ಮನೆಯ ನೆಟ್ ಪದೇ ಪದೇ ಕಡಿಯುತ್ತಿದ್ದರೆ

ಹಳೇ ಮನೆಗೆ ಫೈಬರ್ ಬಂದಿರುತ್ತದೆ. ಹೊಸ ಮನೆ ಅಡಿಕೆ ತೋಟದ ಆಚೆ, ದಿಣ್ಣೆಯ ಮೇಲೆ. ನಡುವೆ ಇನ್ನೂರು ಮೀಟರ್ ಇರಬಹುದು. ಕೇಬಲ್ ಎಳೆಯುವ ಗೋಜು ಬೇಡವೆಂದು ಎರಡೂ ಮನೆಯ ಮಾಡಿನ ಹತ್ತಿರ ಒಂದೊಂದು ಬಿಳಿ ಡಬ್ಬಿ ಸಿಕ್ಕಿಸಿ, ಎದುರುಬದುರು ಮುಖ ಮಾಡಿ ನಿಲ್ಲಿಸಿರುತ್ತಾರೆ. ಇದೇ ವೈರ್‌ಲೆಸ್ ಬ್ರಿಜ್. ಹೊಸತರಲ್ಲಿ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಕಾಟ ಶುರು. ಹತ್ತು ನಿಮಿಷ ಇರುತ್ತದೆ, ಎರಡು ನಿಮಿಷ ಇಲ್ಲ. ಮನೆಯಿಂದ ಕೆಲಸ ಮಾಡುವವರಿಗೆ, ಆನ್‌ಲೈನ್ ಕ್ಲಾಸಿನ ಮಕ್ಕಳಿಗೆ ನೆಟ್ಟೇ ಇಲ್ಲದಿರುವುದಕ್ಕಿಂತ ಇದೇ ಜಾಸ್ತಿ ಹಿಂಸೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಸ್ವಿಚ್ಚಿಗೆ. ಆಫ್ ಮಾಡಿ ಆನ್ ಮಾಡುತ್ತೇವೆ. ದಯವಿಟ್ಟು ಸ್ವಲ್ಪ ತಡೆಯಿರಿ. ಯಾವಾಗ ಏನಾಯಿತು ಎನ್ನುವುದನ್ನು ಡಿವೈಸ್ ತನ್ನ ಲಾಗ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ರೀಸ್ಟಾರ್ಟ್ ಆದರೆ ಹೆಚ್ಚಿನ ಡಿವೈಸ್‌ಗಳಲ್ಲಿ ಅದು ಅಳಿಸಿಹೋಗುತ್ತದೆ. ನೆಟ್ ಮತ್ತೆ ಬಂತು ಅಂತ ಸಮಾಧಾನವಾಗುತ್ತದೆ, ಆದರೆ ಯಾಕೆ ಹೋಗಿತ್ತು ಅಂತ ತಿಳಿಯುವ ದಾರಿ ಮುಚ್ಚುತ್ತದೆ. ಯಾವ ಜಾಗದಲ್ಲಿ ಕಡಿಯುತ್ತಿದೆ ಎಂದು ಗೊತ್ತಾಗುವವರೆಗೆ ಏನನ್ನೂ ಬದಲಿಸಬೇಡಿ. ರಿಪೇರಿಯ ಮುಕ್ಕಾಲು ಪಾಲು ಕೆಲಸ ಈ ಜಾಗ ಹುಡುಕುವುದೇ.

ಎಲ್ಲಿ ಕಡಿಯುತ್ತಿದೆ?

ಹೊಸ ಮನೆಯ ಲ್ಯಾಪ್‌ಟಾಪಿನಿಂದ ಇಂಟರ್ನೆಟ್‌ವರೆಗೆ ನಾಲ್ಕು ನಿಲ್ದಾಣಗಳಿವೆ. ನಿಮ್ಮ ಕಡೆಯ ಬ್ರಿಜ್ ಡಿವೈಸ್, ಆಚೆ ಕಡೆಯ ಬ್ರಿಜ್ ಡಿವೈಸ್, ಹಳೇ ಮನೆಯ ರೂಟರ್, ಅದರಾಚೆ ಹೊರಗಿನ ಇಂಟರ್ನೆಟ್. ಮೊದಲ ಮೂರಕ್ಕೂ ಒಂದೊಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಇರುತ್ತದೆ. ಡಬ್ಬಿ ಹಾಕಿಕೊಟ್ಟವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾಲ್ಕನೆಯದಕ್ಕೆ ಗೂಗಲ್‌ನ 8.8.8.8 ಸಾಕು.

ಲ್ಯಾಪ್‌ಟಾಪನ್ನು ಹೊಸ ಮನೆಯ ವೈಫೈಗೆ ಬದಲು ಕೇಬಲ್ ಮೂಲಕ ಸಿಕ್ಕಿಸಿಕೊಳ್ಳಿ. ಕೇಬಲ್ಲಿನಲ್ಲಿ ನೆಟ್ ಕಡಿಯದೆ ಓಡಿದರೆ ಮನೆಯೊಳಗಿನ ವೈಫೈಯೇ ಹಾಳಾಗಿದೆ ಎಂದು ಇಲ್ಲೇ ಬಯಲಾಗುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟಿನ ನಾಲ್ಕು ಕಿಟಕಿ ತೆರೆದು, ಒಂದೊಂದರಲ್ಲೂ ಇಂಗ್ಲಿಷಿನಲ್ಲಿ ping -t ಎಂದು ಟೈಪ್ ಮಾಡಿ, ಜಾಗ ಬಿಟ್ಟು ಒಂದೊಂದು ನಿಲ್ದಾಣದ ವಿಳಾಸ ಕೊಡಿ. ಪಿಂಗ್ ಎಂದರೆ ಆ ವಿಳಾಸವನ್ನು ಪದೇ ಪದೇ ಕರೆದು, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ತೋರಿಸುವ ಕಮಾಂಡ್. ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತದೆ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ -t ಬೇಕಿಲ್ಲ.

ಈಗ ಕಾಯಿರಿ. ನೆಟ್ ಹೋದ ಕೂಡಲೇ ನಾಲ್ಕೂ ಕಿಟಕಿ ನೋಡಿ. ನಾಲ್ಕನೆಯದು ಮಾತ್ರ ನಿಂತಿದ್ದರೆ ಬ್ರಿಜ್ ಸರಿಯಾಗಿಯೇ ಇದೆ, ಫೈಬರ್ ಕಂಪನಿಗೆ ಫೋನ್ ಮಾಡಿ. ಮೂರು, ನಾಲ್ಕು ನಿಂತಿದ್ದರೆ ಹಳೇ ಮನೆಯ ರೂಟರ್, ಅಥವಾ ರೂಟರಿಗೂ ಡಬ್ಬಿಗೂ ನಡುವಿನ ಕೇಬಲ್. ಎರಡರಿಂದ ಮುಂದೆ ಎಲ್ಲಾ ನಿಂತಿದ್ದರೆ ಗಾಳಿಯಲ್ಲಿ ಹೋಗುವ ಭಾಗ ಕಡಿದಿದೆ, ಇಲ್ಲವೇ ಆಚೆ ಡಬ್ಬಿಗೆ ಕರೆಂಟ್ ಹೋಗಿದೆ. ಮೊದಲನೆಯದೇ ನಿಂತಿದ್ದರೆ ತೊಂದರೆ ನಿಮ್ಮ ಮನೆಯಲ್ಲೇ. ಸೂರಿನ ಡಬ್ಬಿ, ಅದರ ಅಡಾಪ್ಟರ್, ಕೇಬಲ್, ಈ ಮೂರರಲ್ಲೊಂದು.

ಪಿಂಗ್ ತೋರಿಸುವ ಸಮಯದ ಮೇಲೂ ಕಣ್ಣಿರಲಿ. ಒಳ್ಳೆಯ ಬ್ರಿಜ್‌ನಲ್ಲಿ ಆಚೆ ಡಬ್ಬಿಯಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತದೆ. ಕಡಿಯುವ ಮೊದಲು ಅದು ನೂರು, ಮುನ್ನೂರು ಅಂತ ಏರುತ್ತಾ ಹೋದರೆ ಸಿಗ್ನಲ್ ಸೋಲುತ್ತಿದೆ ಅಥವಾ ಬೇರೆಯವರ ವೈಫೈ ಅಡ್ಡ ಬರುತ್ತಿದೆ. ಚೆನ್ನಾಗಿ ಓಡುತ್ತಿದ್ದದ್ದು ಒಂದೇ ಏಟಿಗೆ ನಿಂತರೆ ಕರೆಂಟಿನ ಕಡೆಗೋ ಕೇಬಲ್ಲಿನ ಕಡೆಗೋ ಅನುಮಾನ ಪಡಿ. ಕಡಿದ ಹೊತ್ತನ್ನೂ ಆಗಿನ ಹವೆಯನ್ನೂ ಚೀಟಿಯಲ್ಲಿ ಬರೆದಿಡಿ. ಗಾಳಿ ಬೀಸುವಾಗಲಾ, ಮಳೆ ಬಿಟ್ಟ ಮೇಲಾ, ಪಂಪ್ ಹಾಕಿದಾಗಲಾ, ದಿನಾ ಸಂಜೆಯಾ? ಎರಡು ದಿನ ಬರೆದರೆ ಒಂದು ದಾರಿ ಕಾಣುತ್ತದೆ.

ಎರಡು ಗಡಿಯಾರ

ಚೀಟಿಯಲ್ಲಿ ಬರೆದುಕೊಂಡ ಐಪಿ ವಿಳಾಸ ಹಾಕಿ ಎರಡೂ ಡಬ್ಬಿಯ ಪುಟವನ್ನು ಬ್ರೌಸರಿನಲ್ಲಿ ತೆರೆಯಿರಿ. ಮೊದಲ ಪುಟದಲ್ಲಿ ಅಪ್‌ಟೈಮ್ ಅಂತ ಒಂದು ಲೆಕ್ಕ ಇರುತ್ತದೆ. ಡಿವೈಸ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂದು ಅದು ಹೇಳುತ್ತದೆ. ಇನ್ನೊಂದು ಲೆಕ್ಕ ಕನೆಕ್ಷನ್ ಟೈಮ್. ಎರಡು ಡಬ್ಬಿಗಳು ಒಂದಕ್ಕೊಂದು ಸೇರಿ ಎಷ್ಟು ಹೊತ್ತಾಯಿತು ಅನ್ನುವುದು. ಅಪ್‌ಟೈಮ್ ಹನ್ನೆರಡು ದಿನ, ಕನೆಕ್ಷನ್ ಟೈಮ್ ಮೂರು ನಿಮಿಷ ಅಂತಿದ್ದರೆ ಡಿವೈಸ್ ಆರಾಮಾಗಿದೆ, ಗಾಳಿಯಲ್ಲಿನ ಸಂಪರ್ಕ ಮಾತ್ರ ಕಡಿದಿದೆ. ಅಪ್‌ಟೈಮೇ ಮೂರು ನಿಮಿಷ ಅಂತಿದ್ದರೆ ಡಿವೈಸ್ ತಾನಾಗಿ ಆಫ್ ಆಗಿ ಆನ್ ಆಗಿದೆ. ಆಗ ಚಾನೆಲ್ ಬದಲಿಸಿ, ಆಂಟೆನಾ ತಿರುಗಿಸಿ ಏನೂ ಪ್ರಯೋಜನವಿಲ್ಲ. ಈ ಒಂದು ನೋಟ ಅರ್ಧ ದಿನದ ಪರದಾಟ ಉಳಿಸುತ್ತದೆ.

ಡಿವೈಸ್ ತಾನಾಗಿ ಆಫ್ ಆಗುತ್ತಿದ್ದರೆ

ಸೂರಿನ ಡಬ್ಬಿಗೆ ಬೇರೆ ಕರೆಂಟ್ ವೈರ್ ಇರುವುದಿಲ್ಲ. ಮನೆಯೊಳಗಿನ ಸಣ್ಣ ಪಿಒಇ ಅಡಾಪ್ಟರ್, ನೆಟ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುತ್ತದೆ. ಮನೆಬಳಕೆಯ ಡಿವೈಸ್‌ಗಳಲ್ಲಿ ಇದು ಹೆಚ್ಚಾಗಿ 24 ವೋಲ್ಟ್. 48 ವೋಲ್ಟಿನವೂ ಇವೆ. ಅಡಾಪ್ಟರ್ ಸುಟ್ಟಿತೆಂದು ಪೇಟೆಯಿಂದ ಬೇರೆ ತರುವಾಗ ವೋಲ್ಟ್ ಎಷ್ಟೆಂದು ಓದಿ ತನ್ನಿ. 24ರ ಡಬ್ಬಿಗೆ 48 ಹಾಕಿದರೆ ಡಬ್ಬಿಯೇ ಹೋಗಬಹುದು.

ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಏರಿಳಿತ ಇದ್ದದ್ದೇ. ಪಂಪ್‌ಸೆಟ್ ಶುರುವಾದ ಕ್ಷಣ ನೆಟ್ ಹೋಗುತ್ತದೆ ಎಂದರೆ ಅಡಾಪ್ಟರ್ ಆ ಕುಸಿತ ತಡೆಯುತ್ತಿಲ್ಲ. ಎರಡೂ ಕಡೆಯ ಅಡಾಪ್ಟರನ್ನು ಇನ್ವರ್ಟರ್ ಲೈನಿಗೆ ಹಾಕಿ. ಅಷ್ಟೇ ಸಾಲದು. ಹಲವು ಇನ್ವರ್ಟರುಗಳ ಹಿಂದೆ ಯುಪಿಎಸ್, ಇಕೋ ಅಂತ ಎರಡು ಮೋಡ್‌ನ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಸ್ವಲ್ಪ ತಡ. ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಡಬ್ಬಿ ರೀಸ್ಟಾರ್ಟ್ ಆಗಿಬಿಡುತ್ತದೆ. ಯುಪಿಎಸ್ ಮೋಡಿಗೆ ಹಾಕಿ ನೋಡಿ.

ಇನ್ನು ಕೇಬಲ್. ಮಲೆನಾಡಿನಲ್ಲಿ ಜಾಸ್ತಿ ಬ್ರಿಜ್ ಕೈಕೊಡುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಕರೆಂಟ್ ಆಫ್ ಮಾಡಿ, ಏಣಿ ಹಾಕಿ, ಡಬ್ಬಿಯ ಕೆಳಗಿನ ಮುಚ್ಚಳ ತೆಗೆದು, ಕನೆಕ್ಟರ್ ಹೊರಗೆ ಎಳೆಯಿರಿ. ಅದರ ತುದಿಯಲ್ಲಿ ಎಂಟು ಸಣ್ಣ ಹಿತ್ತಾಳೆ ಬಣ್ಣದ ಪಟ್ಟಿಗಳಿವೆ. ಬೆಳಕಿಗೆ ಹಿಡಿದು ನೋಡಿ. ಹೊಳೆಯುತ್ತಿದ್ದರೆ ಸರಿ. ಹಸಿರು ಕಿಲುಬು ಹಿಡಿದಿದ್ದರೆ, ಕಪ್ಪಾಗಿದ್ದರೆ ನೀರು ಒಳಗೆ ಬಂದಿದೆ. 24 ವೋಲ್ಟಿನ ಮಾಮೂಲಿ ಅಡಾಪ್ಟರುಗಳಲ್ಲಿ ನಾಲ್ಕು, ಐದನೇ ತಂತಿಯೂ ಏಳು, ಎಂಟನೇ ತಂತಿಯೂ ಕರೆಂಟ್ ಒಯ್ಯುತ್ತವೆ. ಅಂದರೆ ನೀಲಿ ಜೋಡಿ, ಕಂದು ಜೋಡಿ. ಕರೆಂಟ್ ಹರಿಯುವ ಕಡೆ ತೇವ ಸೇರಿದರೆ ಕಿಲುಬು ಬೇಗ ಹತ್ತುತ್ತದೆ. ಆದ್ದರಿಂದಲೇ ಈ ನಾಲ್ಕು ಪಟ್ಟಿಗಳು ಮೊದಲು ಕೆಡುವುದು.

ಕೆಟ್ಟ ತುದಿಯನ್ನು ಉಜ್ಜಿ ಮತ್ತೆ ಹಾಕಬೇಡಿ. ಅರ್ಧ ಅಡಿ ಕತ್ತರಿಸಿ ಎಸೆದು ಹೊಸ ಕನೆಕ್ಟರನ್ನು ಇಕ್ಕಳದಲ್ಲಿ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ). ಬಣ್ಣದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಇರಲಿ. ಕೇಬಲ್ ಡಬ್ಬಿಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಇಳಿದು, ಬಾಗಿ, ಮೇಲಕ್ಕೆ ಏರಬೇಕು. ಆಗ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಮನೆಯೊಳಗೆ ಬರುವ ಕಡೆಯೂ ಹೀಗೇ. ಹೊಸ ಕೇಬಲ್ ಕೊಳ್ಳುವುದಾದರೆ ಹೊರಾಂಗಣದ್ದು, ಶುದ್ಧ ತಾಮ್ರದ್ದು ಎಂದು ಕೇಳಿ ಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು ಅಗ್ಗಕ್ಕೆ ಸಿಗುತ್ತದೆ. ಉದ್ದ ಜಾಸ್ತಿಯಾದರೆ ಅದರಲ್ಲಿ ವೋಲ್ಟ್ ಸೋರಿಹೋಗಿ ಡಬ್ಬಿಗೆ ಸಾಕಾಗುವುದಿಲ್ಲ. ಎಂಥ ಕೇಬಲ್ ಆದರೂ 100 ಮೀಟರ್ ಮೀರಬಾರದು.

ಅಡಾಪ್ಟರಿನ ಒಳಗೆ ಇರುವೆ ಗೂಡು ಕಟ್ಟುವುದೂ ಉಂಟು. ಅಲುಗಿಸಿದಾಗ ಪುಡಿ ಉದುರಿದರೆ ಅದನ್ನು ಬದಲಿಸಿಬಿಡಿ.

ಗಾಳಿಯಲ್ಲಿ ಕಡಿಯುತ್ತಿದ್ದರೆ

ಅಪ್‌ಟೈಮ್ ಸರಿಯಿದ್ದು ಕನೆಕ್ಷನ್ ಟೈಮ್ ಮಾತ್ರ ಸೊನ್ನೆಗೆ ಬರುತ್ತಿದ್ದರೆ ಸಿಗ್ನಲ್ ಅಂಕಿ ನೋಡಿ. ಅದು ಮೈನಸ್ಸಿನಲ್ಲಿರುತ್ತದೆ, ಡಿಬಿಎಂ ಲೆಕ್ಕ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. −50ರಿಂದ −65ರವರೆಗೆ ಚೆನ್ನಾಗಿದೆ. −75 ದಾಟಿದರೆ ಎಲೆ ಅಲ್ಲಾಡಿದರೂ ಕಡಿಯುತ್ತದೆ. −65 ಇದ್ದದ್ದು −68 ಆದರೆ, ಅಂದರೆ ಮೂರು ಡೆಸಿಬೆಲ್ ಇಳಿದರೆ, ಸಿಗ್ನಲ್ ಅರ್ಧವಾಯಿತು, ಹತ್ತು ಇಳಿದರೆ ಹತ್ತನೇ ಒಂದು ಪಾಲು. ತೀರಾ ಜೋರಿದ್ದರೂ ಕಷ್ಟವೇ. ಅಂಗಳದಾಚೆಯ ಮನೆಗೆ ಪೂರ್ತಿ ಪವರ್ ಇಟ್ಟು −30 ಬರುತ್ತಿದ್ದರೆ ಪವರ್ ಇಳಿಸಿ.

ಜನ ಸಾಮಾನ್ಯವಾಗಿ ಮಳೆಯನ್ನು ದೂರುತ್ತಾರೆ. ಡಿಟಿಎಚ್ ಟಿವಿ ಜಡಿಮಳೆಗೆ ನಿಂತುಹೋಗುವುದನ್ನು ನೋಡಿದ್ದೇವೆ, ಇದೂ ಹಾಗೇ ಅನ್ನಿಸುತ್ತದೆ ಅಲ್ವಾ? ಆದರೆ ಡಿಟಿಎಚ್ 10 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗ. ಅದಕ್ಕೆ ಮಳೆಹನಿ ನಿಜಕ್ಕೂ ಅಡ್ಡಿ. ಬ್ರಿಜ್ ಓಡುವ 5 ಗಿಗಾಹರ್ಟ್ಸ್‌ನಲ್ಲಿ ಜಡಿಮಳೆಯಾದರೂ ಕಿಲೋಮೀಟರಿಗೆ ಸುಮಾರು ಒಂದು ಡೆಸಿಬೆಲ್ಲಿಗಿಂತ ಹೆಚ್ಚು ಕಳೆಯುವುದು ಅಪರೂಪ. ಇನ್ನೂರು ಮೀಟರಿಗೆ ಏನೇನೂ ಅಲ್ಲ. ಮಳೆಗಾಲದಲ್ಲಿ ಕಡಿಯುವುದಕ್ಕೆ ಕಾರಣ ಒದ್ದೆ ಎಲೆ, ಇಲ್ಲವೇ ಕನೆಕ್ಟರಿಗೆ ಇಳಿದ ನೀರು. ಮಳೆ ನಿಂತು ಗಂಟೆಯಾದರೂ ನೆಟ್ ಸರಿಹೋಗದಿದ್ದರೆ ಕನೆಕ್ಟರನ್ನೇ ಮೊದಲು ನೋಡಿ.

ಒಂದು ಡಬ್ಬಿಯಿಂದ ಇನ್ನೊಂದು ಕಂಡರೆ ಸಾಕು ಎನ್ನುವುದೂ ಪೂರ್ತಿ ನಿಜವಲ್ಲ. ತರಂಗ ದಾರದಂತೆ ನೆಟ್ಟಗೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. ಇನ್ನೂರು ಮೀಟರಿನ ಬ್ರಿಜ್‌ಗೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಈ ಉಬ್ಬಿನ ಅರ್ಧ ಅಗಲ ಸುಮಾರು 1.6 ಮೀಟರ್. ಅದರಲ್ಲಿ ಶೇ 60ರಷ್ಟಾದರೂ ಖಾಲಿ ಇರಬೇಕು. ಅಂದರೆ ನೋಟದ ಗೆರೆಯ ಸುತ್ತ ಎಲ್ಲಾ ಕಡೆ ಒಂದು ಮೀಟರ್ ತೆರವು. ಎರಡು ವರ್ಷದ ಹಿಂದೆ ಸೋಗೆಗಳ ಮೇಲಿಂದ ಹಾಯುತ್ತಿದ್ದ ಗೆರೆಗೆ ಈಗ ಎಳೆ ಅಡಿಕೆ ಮರದ ತಲೆ ಅಡ್ಡ ಬಂದಿರುತ್ತದೆ. ಮರ ಕಡಿಯುವ ಯೋಚನೆ ಬೇಡ. ಡಬ್ಬಿ ಕೂರಿಸಿದ ಪೈಪನ್ನು ಒಂದು ಕಡೆ ಐದಾರು ಅಡಿ ಎತ್ತರಿಸಿ, ಇಲ್ಲವೇ ಡಬ್ಬಿಯನ್ನು ಸೂರಿನ ಇನ್ನೊಂದು ಮೂಲೆಗೆ ಸರಿಸಿ.

ದಿಕ್ಕು ಸರಿಪಡಿಸಲು ಇಬ್ಬರು ಬೇಕು. ಒಬ್ಬರು ಅಂಕಿ ಓದಬೇಕು, ಇನ್ನೊಬ್ಬರು ತಿರುಗಿಸಬೇಕು. ಮೊಬೈಲ್ ಸಿಗದ ಊರಾದರೆ ಕೂ ಹಾಕಿಯೇ ಹೇಳಬೇಕು. ಒಂದೊಂದೇ ಬೆರಳಗಲ ತಿರುಗಿಸಿ, ಅಂಕಿ ನೆಲೆ ನಿಲ್ಲುವವರೆಗೆ ತಡೆದು ಮುಂದೆ ಹೋಗಿ. ಚೆನ್ನಾಗಿ ಬಂತು ಅಂತ ಅಲ್ಲೇ ನಿಲ್ಲಿಸಬೇಡಿ. ಅದನ್ನು ದಾಟಿ ಎರಡೂ ಬದಿಗೆ ಪೂರ್ತಿ ಹೋಗಿ ಬನ್ನಿ. ಆಂಟೆನಾಗಳಿಗೆ ಮುಖ್ಯ ದಿಕ್ಕಿನ ಅಕ್ಕಪಕ್ಕ ಸಣ್ಣ ಉಬ್ಬುಗಳಿರುತ್ತವೆ. ಅವುಗಳಲ್ಲೇ ಸಿಕ್ಕಿಹಾಕಿಕೊಂಡರೆ ಸಿಗ್ನಲ್ ಸಾಧಾರಣವಾಗಿಯೇ ಉಳಿಯುತ್ತದೆ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಏನೂ ತಿಳಿಯುವುದಿಲ್ಲ. ಕೊನೆಗೆ ಪೈಪನ್ನು ಕೈಯಲ್ಲಿ ಅಲುಗಿಸಿ ನೋಡಿ. ನಿಮ್ಮ ಕೈಗೆ ಅಲುಗುವುದು ಗಾಳಿಗೂ ಅಲುಗುತ್ತದೆ, ಮಂಗ ಹಾರಿದರಂತೂ ಕೇಳುವುದೇ ಬೇಡ. ತಂತಿ ಎಳೆದು ಬಿಗಿ ಮಾಡಿ.

ಚಾನೆಲ್ ಮತ್ತು ಅಗಲ

ಸಿಗ್ನಲ್ ಚೆನ್ನಾಗಿದ್ದೂ ಕಡಿಯುತ್ತಿದ್ದರೆ ಚಾನೆಲ್, ಅಂದರೆ ಡಬ್ಬಿಗಳು ಮಾತಾಡಿಕೊಳ್ಳುವ ತರಂಗದ ಪಟ್ಟಿ, ಅದರ ಕಡೆ ತಿರುಗಿ. ಆಟೋ ಎಂದಿದ್ದರೆ ತೆಗೆಯಿರಿ. ಡಿವೈಸ್ ನಡುವೆಯೇ ಚಾನೆಲ್ ಬದಲಿಸಿದಾಗ ಆಚೆಯದು ಅದನ್ನು ಹುಡುಕಿಕೊಂಡು ಬರುವವರೆಗೆ ನೆಟ್ ಇರುವುದಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಇವುಗಳಲ್ಲಿರುವ ಡಿವೈಸ್‌ಗೆ ರೇಡಾರ್ ಕೇಳಿಸಿದರೆ, ಅಥವಾ ಕೇಳಿಸಿದಂತೆ ಅನ್ನಿಸಿದರೂ, ತಕ್ಷಣ ಜಾಗ ಬಿಡುತ್ತದೆ. ಹೊಸ ಚಾನೆಲ್ಲೂ ಇದೇ ಗುಂಪಿನದಾದರೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸಿ ಆಮೇಲೆ ಶುರು ಮಾಡುತ್ತದೆ. ನಿಮ್ಮ ನೆಟ್ ಹೋದಾಗಲೆಲ್ಲ ಒಂದು ನಿಮಿಷದ ಮೇಲೆ ಬರುತ್ತಿದ್ದರೆ ಲಾಗ್‌ನಲ್ಲಿ ರೇಡಾರ್ (radar) ಅಥವಾ ಡಿಎಫ್‌ಎಸ್ (DFS, ಹೀಗೆ ಜಾಗ ಬಿಡುವ ವ್ಯವಸ್ಥೆಯ ಹೆಸರು) ಎಂಬ ಪದ ಹುಡುಕಿ. ಸಿಕ್ಕರೆ 36ರಿಂದ 48, ಅಥವಾ 149ರಿಂದ 165ರ ಗುಂಪಿಗೆ ಬನ್ನಿ. ದೇಶದ ಜಾಗದಲ್ಲಿ ಭಾರತ ಎಂದೇ ಇರಲಿ.

ಹಳೆಯ 2.4 ಗಿಗಾಹರ್ಟ್ಸ್ ಡಬ್ಬಿಯಾದರೆ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ. ನಡುವಿನವು ಒಂದರ ಮೇಲೊಂದು ಬೀಳುತ್ತವೆ.

ಚಾನೆಲ್ಲಿನ ಅಗಲ 80 ಮೆಗಾಹರ್ಟ್ಸ್ ಇದ್ದರೆ 40ಕ್ಕೆ, ಆಮೇಲೆ 20ಕ್ಕೆ ಇಳಿಸಿ. ಅರ್ಧ ಮಾಡಿದಾಗಲೆಲ್ಲ ಗದ್ದಲ ಮೂರು ಡೆಸಿಬೆಲ್ ಕಡಿಮೆಯಾಗುತ್ತದೆ. ಸ್ಪೀಡ್ ಟೆಸ್ಟಿನಲ್ಲಿ ಅಂಕಿ ಇಳಿಯುತ್ತದೆ, ನಿಜ. ಆದರೆ ಕಡಿಯದ 40 ಎಂಬಿಪಿಎಸ್, ಕಡಿಯುವ 150ಕ್ಕಿಂತ ಸಾವಿರ ಪಾಲು ಮೇಲು.

ಸೆಟ್ಟಿಂಗ್‌ನ ಸಣ್ಣ ಗಂಟುಗಳು

ಹೊಸ ಮನೆಯಲ್ಲಿ ವೈಫೈಗೆಂದು ಹಾಕಿದ ಎರಡನೇ ರೂಟರ್ ಕೂಡ ಐಪಿ ಹಂಚಲು ಹೊರಟರೆ, ಅಥವಾ ಅದರ ವಿಳಾಸವೂ ಹಳೇ ಮನೆಯ ರೂಟರಿನಂತೆ 192.168.1.1 ಎಂದೇ ಇದ್ದರೆ, ಫೋನುಗಳು ದಾರಿ ತಪ್ಪುತ್ತವೆ. ಅದನ್ನು ಐಪಿ ಹಂಚದೆ ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಎರಡೂ ಡಬ್ಬಿಗೆ ಬೇರೆ ಬೇರೆ ಖಾಯಂ ವಿಳಾಸ ಕೊಡಿ. ಎರಡು ಬೇರೆ ಕಂಪನಿಯ ಡಬ್ಬಿಗಳನ್ನು ಡಬ್ಲ್ಯುಡಿಎಸ್ (ಡಬ್ಬಿಗಳನ್ನು ತಂತಿಯಿಲ್ಲದೆ ಒಂದಕ್ಕೊಂದು ಸೇರಿಸುವ) ಮೋಡಿನಲ್ಲಿ ಜೋಡಿಸಿದ್ದರೆ ಅದನ್ನು ನಂಬಬೇಡಿ. ಎಲ್ಲ ಕಂಪನಿಗಳೂ ಅದನ್ನು ಒಂದೇ ರೀತಿ ಮಾಡುವುದಿಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಜೋಡಿ ಹಾಕಿ.

ಸಿಡಿಲು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ಶುರುವಾದ ತೊಂದರೆಗೆ ಬೇರೆ ಲೆಕ್ಕ. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿಗೆ ಡಬ್ಬಿ ಪೂರ್ತಿ ಸಾಯದೆ ಕೇಬಲ್ ಸಿಕ್ಕಿಸುವ ಪೋರ್ಟ್ ಅರ್ಧ ಹೋಗಿರುತ್ತದೆ. ಡಬ್ಬಿಯ ಪುಟದಲ್ಲಿ ಲ್ಯಾನ್ (ಕೇಬಲ್ ಕಡೆಯ) ವೇಗ 100 ಇರಬೇಕಾದ ಕಡೆ 10 ಎಂದು ತೋರಿಸುತ್ತಿದ್ದರೆ, ಅಥವಾ ಎರಡರ ನಡುವೆ ಓಲಾಡುತ್ತಿದ್ದರೆ, ಮೊದಲು ಕೇಬಲ್ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಪೋರ್ಟ್ ಕೆಟ್ಟಿದೆ. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರನ್ನು ಸಾಕೆಟ್ಟಿನಿಂದ ಕೀಳಿ, ರೂಟರಿಗೆ ಹೋಗುವ ಕೇಬಲನ್ನೂ ಬಿಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ವರ್ಷಕ್ಕೊಂದು ಡಬ್ಬಿ ಸಿಡಿಲಿಗೆ ಕೊಡುತ್ತಿದ್ದೀರಾದರೆ, ಅಥವಾ ಸೋಗೆ ತಪ್ಪಿಸಲು ಪೈಪ್ ಎತ್ತರಿಸಿ ಸಾಕಾಗಿದ್ದರೆ, ಎರಡು ಮನೆಯ ನಡುವೆ ಫೈಬರ್ ಡ್ರಾಪ್ ಕೇಬಲ್ಲನ್ನೇ ಎಳೆಯಿರಿ. ಫೈಬರಿನ ಬೆಳಕನ್ನು ನೆಟ್ ಕೇಬಲ್ಲಿನ ಸಿಗ್ನಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ತುದಿಗೊಂದು ಬೇಕು. ಕೇಬಲ್ ಟಿವಿ, ನೆಟ್ ಹಾಕುವ ಹುಡುಗರು ತುದಿ ಜೋಡಿಸಿಕೊಡುತ್ತಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಸಿಡಿಲಿನ ಏಟು ಅದರ ಮೂಲಕ ಒಳಗೆ ಬರುವುದಿಲ್ಲ. ಆದರೆ ಆ ಕೇಬಲ್ಲಿನಲ್ಲಿ ಹೆಚ್ಚಾಗಿ ಬಲಕ್ಕೆಂದು ಸ್ಟೀಲ್ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಲು ಹೇಳಿ.