ಐದಡಿ-ಎಂಟಡಿ ಬಾತ್‌ರೂಮನ್ನು ಸ್ಲ್ಯಾಬ್‌ವರೆಗೆ ಒಡೆದು ಕಟ್ಟಿದ್ದು: ನನ್ನ ಅನುಭವ

ಬೆಂಗಳೂರಿನ 30x40 ಸೈಟಿನ ಹಳೆಯ ಮನೆಗಳಲ್ಲಿ ಮಹಡಿಯ ಬಾತ್‌ರೂಮು ಹೆಚ್ಚಾಗಿ ಐದಡಿಗೆ ಎಂಟಡಿ. ಒಂದು ಗಿಡ್ಡ ಗೋಡೆಯಲ್ಲಿ ಬಾಗಿಲು, ಎದುರು ಗೋಡೆಯಲ್ಲಿ ವೆಂಟಿಲೇಟರ್, ಅದರ ಹೊರಗೆ ನಾಲ್ಕಿಂಚಿನ ಪೈಪು. ನಾನು ಒಡೆಸಿದ್ದೂ ಅಂಥದ್ದೇ. ಪೈಪಿಗೆ ಹತ್ತಿರ ಎಂದು ಕಮೋಡನ್ನು ವೆಂಟಿಲೇಟರ್ ಕೆಳಗೆ ಕೂರಿಸಿ, ಸ್ನಾನದ ಜಾಗವನ್ನು ಬಾಗಿಲ ಪಕ್ಕಕ್ಕೆ ತಂದಿದ್ದರು. ಕಮೋಡಿಗೆ ಹೋಗಬೇಕಾದರೆ ಸ್ನಾನದ ನೀರು ತುಳಿಯಲೇಬೇಕು, ಬಾಗಿಲ ಕೆಳತುದಿ ಊದಿಕೊಂಡು ಕೊಳೆಯುತ್ತದೆ. ಕೆಳಗಿನ ಕೋಣೆಯ ತಾರಸಿಯಲ್ಲಿ ಕಲೆಯೂ ಬಿದ್ದಿತ್ತು. ಹಾಗಾಗಿ ಹಳೇ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸುವ ಮಾತೇ ಇರಲಿಲ್ಲ. ಸೋರುವ ಬಚ್ಚಲಿಗೆ ಆ ಉಪಾಯ ಬರೀ ಮೇಕಪ್ಪು.

ಕ್ರಮವನ್ನು ತಿರುವುಮುರುವು ಮಾಡಿದೆ: ಬಾಗಿಲ ಬಳಿ ವಾಶ್‌ಬೇಸಿನ್, ನಡುವೆ ಕಮೋಡ್, ಕೊನೆಗೆ ವೆಂಟಿಲೇಟರ್ ಕೆಳಗೆ ಸ್ನಾನ. ಇಟ್ಟಿಗೆಯಿಂದ ಇಟ್ಟಿಗೆಗೆ 1524 x 2438 ಮಿ.ಮೀ. ಇದ್ದರೂ ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿ ಪ್ರತಿ ಗೋಡೆ ಸುಮಾರು 25 ಮಿ.ಮೀ. ತಿನ್ನುತ್ತದೆ. ಉಳಿಯುವುದು 1474 x 2388. ಉದ್ದದಲ್ಲಿ ಸ್ನಾನಕ್ಕೆ 1000, ಕಮೋಡಿಗೆ 800, ಬೇಸಿನ್‌ಗೆ 588. ಕಮೋಡಿನ ಮುಂದೆ ಮಂಡಿಗೆ 600 ಮಿ.ಮೀ. ಆದರೂ ಖಾಲಿ ಬೇಕು. 680 ಚಾಚುವ ಮಾದರಿ ಇಟ್ಟರೆ 790ರಷ್ಟು ಸಿಗುತ್ತದೆ.

ಗೋಡೆಗೆ ತೂಗುವ ಕಮೋಡ್ ಇಟ್ಟರೆ ಜಾಗ ಉಳಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ನಾಲ್ಕೂವರೆ ಇಂಚಿನ ಗೋಡೆಯೊಳಗೆ ಟ್ಯಾಂಕ್ ಹೂಳಲಾಗದು. ಮುಂದಕ್ಕೆ ಕಟ್ಟೆ ಕಟ್ಟಿ ಮುಚ್ಚಬೇಕು. ಆ ಕಟ್ಟೆಯ 150-200 ಮಿ.ಮೀ. ಸೇರಿಸಿದರೆ ಲೆಕ್ಕ ಅಲ್ಲಿಗಲ್ಲಿಗೇ. ನೆಲ ತೊಳೆಯಲು ಸುಲಭ ಅನ್ನುವುದು ಮಾತ್ರ ನಿಜ.

ಒಡೆಯುವ ಮೊದಲೇ ಕಮೋಡ್, ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ), ಬೇಸಿನ್ ಕೊಂಡು ತಂದಿಟ್ಟುಕೊಳ್ಳಬೇಕು. ನೆಲಕ್ಕೆ ಬಿಡುವ ಎಸ್-ಟ್ರ್ಯಾಪ್ ಕಮೋಡಿನ ರಂಧ್ರ ಕೆಲವು ಮಾದರಿಗಳಲ್ಲಿ ಗೋಡೆಯಿಂದ 220, ಕೆಲವದರಲ್ಲಿ 300 ಮಿ.ಮೀ. ದೂರ. ಈ ಅಳತೆ ಟೈಲ್ಸ್ ಮುಖದಿಂದ. ಪ್ಲಂಬರ್ ಟೇಪು ಹಿಡಿಯುವ ಹೊತ್ತಿಗೆ ಎದುರಿಗಿರುವುದು ಬರೀ ಇಟ್ಟಿಗೆ. ಅಲ್ಲಿಂದ 220 ಅಳೆದು ಪೈಪು ಕೂರಿಸಿದರೆ ಕೊನೆಗೆ ಕಮೋಡ್ ಗೋಡೆಗೆ ತಾಗಿ ಕೂರುವುದೇ ಇಲ್ಲ. ಗೋಡೆಯ ಮೇಲೆ 245 ಎಂದೇ ಬರೆದಿಟ್ಟೆ. ಬಾತ್‌ರೂಮು ಕೆಲಸದಲ್ಲಿ ಮತ್ತೆ ಒಡೆಯುವ ಪ್ರಸಂಗಗಳ ಮೂಲ ಹೆಚ್ಚಾಗಿ ಈ 25 ಮಿ.ಮೀ.

ಒಡೆಯುವ ಕೆಲಸಕ್ಕೆ ಇಬ್ಬರಿಗೆ ಎರಡು ದಿನ. ಹತ್ತಿಂಚು ಆಳದ ಸಂಕ್ (ಪೈಪುಗಳಿಗೆಂದು ಸ್ಲ್ಯಾಬನ್ನೇ ತಗ್ಗಿಸಿ ಬಿಟ್ಟ ಗುಂಡಿ) ಎಂದರೆ 33 ಘನ ಅಡಿ ತುಂಬು, ಜೊತೆಗೆ ಗೋಡೆಯ ಹಳೇ ಟೈಲ್ಸ್, ಗಾರೆ. ಸಡಿಲವಾದ ಮೇಲೆ ಅರವತ್ತು ಎಪ್ಪತ್ತು ಸಿಮೆಂಟ್ ಚೀಲ ತುಂಬುತ್ತದೆ. ಅದನ್ನು ಮಹಡಿಯ ಪಕ್ಕದ ಕೋಣೆಯಲ್ಲಿ ರಾಶಿ ಹಾಕಲು ಬಿಡಬಾರದು, ಅಂದಂದಿನದು ಅಂದೇ ಕೆಳಗಿಳಿಯಲಿ. ಸಂಕಿನ ಇಟ್ಟಿಗೆ ಚೂರು ಹಿಂಡಿದರೆ ನೀರು ಬರುವಷ್ಟು ನೆನೆದಿದ್ದವು: ಟೈಲ್ಸ್ ಸಂದಿನಿಂದ ವರ್ಷಗಟ್ಟಲೆ ಇಳಿದ ನೀರಿಗೆ ಹೊರದಾರಿಯೇ ಇರಲಿಲ್ಲ.

ಸ್ಲ್ಯಾಬ್ ತೊಳೆದು, ಬಿರುಕು ತುಂಬಿ, ನೆಲ ಗೋಡೆ ಸೇರುವ ಮೂಲೆಗೆಲ್ಲ ಎರಡಿಂಚು ಗುಂಡನೆಯ ಗಾರೆ ಕಟ್ಟಿಸಿದೆ. ಚೌಕ ಮೂಲೆಯಲ್ಲಿ ವಾಟರ್‌ಪ್ರೂಫಿಂಗ್ ಪದರ ಹರಿದುಬಿಡುತ್ತದೆ. ಪುಡಿ-ದ್ರಾವಣ ಎರಡೂ ಇರುವ ಅಕ್ರಿಲಿಕ್ ಸಿಮೆಂಟ್ ಲೇಪ, ಎರಡು ಕೋಟ್. ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮೂಲೆಗಳಲ್ಲಿ ನಡುವೆ ಫೈಬರ್ ಜಾಲರಿ. ಪೈಪು ಗೋಡೆ ದಾಟುವ ಜಾಗದಲ್ಲಿ ಬರೀ ಲೇಪ ಸಾಲದು. ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿದ ಮೇಲೆಯೇ ಲೇಪ. ಲೇಪ ಒಣಗಿದ ಮೇಲೆ ನೀರು ಕಟ್ಟಿ 48 ಗಂಟೆ ಬಿಡಬೇಕು. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿ, ಕೆಳಗಿನ ತಾರಸಿಯನ್ನು ಟಾರ್ಚ್ ಹಿಡಿದು ನೋಡಬೇಕು. ಗುತ್ತಿಗೆದಾರ ಆತುರ ಮಾಡುವುದು ಈ ಎರಡು ದಿನಕ್ಕೇ.

ಕಮೋಡ್ ನಡುವಿಗೆ ಬಂದದ್ದರಿಂದ 110 ಮಿ.ಮೀ. ಪೈಪು ಹೊರಗೋಡೆವರೆಗೆ ಸುಮಾರು 1.4 ಮೀಟರ್ ಓಡಬೇಕು. 40ಕ್ಕೆ 1ರ ವಾಟ ಕೊಟ್ಟರೆ 35 ಮಿ.ಮೀ. ಇಳಿತ, ಹತ್ತಿಂಚಿನ ಸಂಕಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಸಂಕ್ ಇಲ್ಲದ ಮನೆಯಾದರೆ ಕಮೋಡಿನ ಜಾಗ ಬದಲಿಸುವ ಯೋಚನೆ ಬಿಡುವುದೇ ಲೇಸು, ಇಲ್ಲದಿದ್ದರೆ ಕಮೋಡಿಗೊಂದು ಮೆಟ್ಟಿಲು ಹತ್ತಬೇಕಾಗುತ್ತದೆ. ತಿರುವಿನಲ್ಲಿ ಒಂದು 90 ಡಿಗ್ರಿ ಬೆಂಡಿನ ಬದಲು ಎರಡು 45. ಸ್ನಾನದ ನೀರಿಗೆ 75 ಮಿ.ಮೀ. ಪೈಪು. ಫ್ಲೋರ್ ಟ್ರ್ಯಾಪಿನಲ್ಲಿ (ನೆಲದ ನೀರು ಪೈಪಿಗಿಳಿಯುವ ಬಾಯಲ್ಲಿ) ನಿಲ್ಲುವ ನೀರು 50 ಮಿ.ಮೀ. ಆಳ ಇರಲಿ, ಆಳ ಕಡಿಮೆಯಾದರೆ ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಆರಿ, ವಾಸನೆಯೂ ಜಿರಳೆಯೂ ಮೇಲೆ ಬರುತ್ತವೆ. ಸಂಕಿನ ತಳದಿಂದಲೇ ಹೊರಕ್ಕೆ ಒಂದಿಂಚಿನ ಪೈಪು ಬಿಟ್ಟಿದ್ದೇನೆ. ಅದರಿಂದ ಎಂದಾದರೂ ಹನಿ ಬಿದ್ದರೆ ಒಳಗೆಲ್ಲೋ ಸೋರುತ್ತಿದೆ ಎಂದು ಕೆಳಗಿನ ತಾರಸಿ ನೆನೆಯುವ ಮೊದಲೇ ಗೊತ್ತಾಗುತ್ತದೆ.

ತುಂಬಲು ಹಗುರವಾದ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಸಿಮೆಂಟ್ ಬ್ಲಾಕ್) ಚೂರು, ಮೇಲೆ ಎರಡಿಂಚು ಕಾಂಕ್ರೀಟ್, ಅದರ ಮೇಲೆ ಮತ್ತೊಮ್ಮೆ ಲೇಪ. ಎಎಸಿ ನೀರು ಕುಡಿಯುವ ವಸ್ತು, ಆದ್ದರಿಂದ ಮೇಲಿನ ಲೇಪ ಬಿಡುವಂತಿಲ್ಲ. ಸ್ನಾನದ ಕಡೆ ಅದನ್ನು ಗೋಡೆಗೆ ಆರಡಿ ಎತ್ತರದವರೆಗೆ ಹತ್ತಿಸಿದೆ.

ಗೋಡೆಯ ಪೈಪಿಗೆ ಮೊದಲು ಬೇಕಾದದ್ದು ಒಂದು ಮೀಟರ್ ಗೆರೆ. ಬಾಗಿಲ ಹೊರಗಿನ ನೆಲವನ್ನು ಸೊನ್ನೆ ಎಂದು ಹಿಡಿದು, ನೀರು ತುಂಬಿದ ಲೆವೆಲ್ ಟ್ಯೂಬಿನಿಂದ ನಾಲ್ಕೂ ಗೋಡೆಗೆ 1000 ಮಿ.ಮೀ. ಎತ್ತರದಲ್ಲಿ ಗೆರೆ ಹೊಡೆಸಿ, ಉಳಿದ ಎಲ್ಲ ಎತ್ತರವನ್ನೂ ಅದರಿಂದಲೇ ಇಳಿಸಿದೆ, ಏರಿಸಿದೆ. ಕಮೋಡಿನ ಆಂಗಲ್ ಕಾಕ್ (ನೀರು ನಿಲ್ಲಿಸುವ ಚಿಕ್ಕ ನಲ್ಲಿ) 200, ಬೇಸಿನ್ನಿನದು 550, ಬೇಸಿನ್ ಅಂಚು 820, ಮಿಕ್ಸರ್ 1000, ಶವರ್ 2100. ಬಕೆಟ್ಟಿಗೆ ಬೇರೆ ನಲ್ಲಿ 650ರಲ್ಲಿ: ಶವರ್ ಎಷ್ಟೇ ಚೆನ್ನಾಗಿರಲಿ, ನಮ್ಮ ಮನೆಗಳಲ್ಲಿ ಬಕೆಟ್ಟು, ಚೊಂಬು ಹೋಗುವುದಿಲ್ಲ. ಮಿಕ್ಸರಿನ ಎರಡು ಬಾಯಿ ನಡುವೆ ಸರಿಯಾಗಿ 150 ಮಿ.ಮೀ. ಇರಬೇಕು, ರಸಮಟ್ಟ ಇಟ್ಟು ನೋಡಿದ ಮೇಲೆಯೇ ಗಾರೆ ಹಚ್ಚಬೇಕು.

ಸಿಪಿವಿಸಿ ಪೈಪಿಗೆ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪು) ಸಿಪಿವಿಸಿ ಅಂಟೇ ಆಗಬೇಕು. ಒಂದು ದಿನ ಒಣಗಲು ಬಿಟ್ಟು, ಗಾಳಿ ಹೊರಬಿಟ್ಟು, ಕೈಪಂಪಿನಲ್ಲಿ ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡಕ್ಕೆ ಏರಿಸಿದೆ. ಪಂಪಿನ ಮೀಟರಿನ ಮುಳ್ಳು ಇಳಿದರೆ ಮೊದಲು ನೋಡಬೇಕಾದದ್ದು ಹಿತ್ತಾಳೆ ಥ್ರೆಡ್‌ಗಳನ್ನು.

ಸೋಲಾರ್ ವಾಟರ್ ಹೀಟರ್ ಇದ್ದರೆ ಇನ್ನೊಂದು ಲೆಕ್ಕ. ಮುಕ್ಕಾಲಿಂಚಿನ ಪೈಪು ಮೀಟರಿಗೆ ಕಾಲು ಲೀಟರ್ ಹಿಡಿಯುತ್ತದೆ. ಮನೆಯ ಮೇಲಿನ ತಾರಸಿಯಿಂದ 15 ಮೀಟರ್ ಬಂದರೆ ಬೆಳಿಗ್ಗೆ ಬಿಸಿನೀರಿಗೆ ಮೊದಲು ನಾಲ್ಕು ಲೀಟರ್ ತಣ್ಣೀರು ಹೋಗುತ್ತದೆ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿದರೆ ಅದು ಮಿಕ್ಸರಿನ ಮೂಲಕ ಬಿಸಿನೀರಿನ ಲೈನಿಗೇ ನುಗ್ಗಿ, ಸೋಲಾರ್ ಕೆಟ್ಟಿದೆ ಎಂಬ ದೂರು ಹುಟ್ಟುತ್ತದೆ. ಬಿಸಿ ಲೈನಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಬೇಕು. ಮಳೆಗಾಲಕ್ಕೆಂದು 2 ಕಿಲೋವಾಟ್ ಗೀಸರ್, 4 ಚದರ ಮಿ.ಮೀ. ತಾಮ್ರದ ತಂತಿ, ಸ್ವಿಚ್ ಬಾಗಿಲ ಹೊರಗೆ, ಲೈನಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ.

ಟೈಲ್ಸ್ ಲೆಕ್ಕ: ಸುತ್ತಳತೆ 26 ಅಡಿ, ಎತ್ತರ 7, ಬಾಗಿಲು ಕಳೆದು 165 ಚದರ ಅಡಿ, ಶೇಕಡಾ ಹತ್ತರಷ್ಟು ಹೆಚ್ಚಿಗೆ ಸೇರಿಸಿ ಸುಮಾರು 180. ನೆಲಕ್ಕೆ 44. ನೆಲಕ್ಕೆ ಒಂದಡಿಯ, ಕಾಲು ಜಾರದ ಆಂಟಿ-ಸ್ಕಿಡ್ ಟೈಲ್ಸ್ ತೆಗೆದುಕೊಂಡೆ. ಎರಡಡಿಯ ಟೈಲ್ಸನ್ನು ಎರಡು ದಿಕ್ಕಿಗೆ ವಾಟ ಬರುವಂತೆ ಕೂರಿಸಲಾಗದು, ಕರ್ಣಕ್ಕೆ ಕತ್ತರಿಸಬೇಕಾಗುತ್ತದೆ. ಸ್ನಾನದ ಕಡೆ ಮೀಟರಿಗೆ 16 ಮಿ.ಮೀ. ವಾಟ, ಉಳಿದ ಕಡೆ 10. ನಡುವೆ ಒಂದಿಂಚಿನ ಗ್ರಾನೈಟ್ ಪಟ್ಟಿ. ಅಂಟು ಒಣಗುವ ಮೊದಲೇ ಒಂದು ಚೊಂಬು ನೀರು ಸುರಿದು ನೋಡಬೇಕು. ಗ್ರೌಟ್ ಆದಮೇಲೆ ನಿಂತ ನೀರು ಕಂಡರೆ ಟೈಲ್ಸ್ ಕೀಳುವುದೊಂದೇ ದಾರಿ. ಸ್ನಾನದ ಕಡೆ ಎಪಾಕ್ಸಿ ಗ್ರೌಟ್. ಅದರ ಮಬ್ಬನ್ನು ಅಂದೇ ಒರೆಸದಿದ್ದರೆ ಆಮೇಲೆ ಉಜ್ಜಿದರೂ ಹೋಗದು.

ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಟ್ಟಿದ್ದೆ. ಟವೆಲ್ ರಾಡಿಗೆ ಡ್ರಿಲ್ ಹಾಕುವಾಗ ಪೈಪು ಎಲ್ಲಿದೆ ಎಂದು ಹೇಳಿದ್ದು ಆ ಫೋಟೋಗಳೇ.