ಕೊಡಲಿ ಎತ್ತುವ ಮುನ್ನ ಬದುವಿನಾಚೆ ಒಂದು ಮಾತು

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಂದಷ್ಟು ಒಳಗೆ ಹೋದರೆ ನಮ್ಮದೊಂದು ಎಕರೆ ಜಮೀನಿದೆ. ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ ಅಲ್ಲಿ ಮೊದಲ ಸಲ ಸೌದೆಗೆಂದು ಮರ ಕುಯ್ಯಲು ಹೋದೆ. ಮೆಷಿನ್ ಬಾಡಿಗೆಗೆ ತಂದದ್ದು. ಸಂಜೆಯೊಳಗೆ ವಾಪಸ್ ಕೊಡಬೇಕಿತ್ತು. ಹಾಗಾಗಿ ಬೆಳಗ್ಗೆ ಆರೂವರೆಗೇ ಶುರು ಮಾಡಿದೆ. ಎರಡನೇ ತುಂಡು ಬೀಳುವ ಹೊತ್ತಿಗೆ ಬೇಲಿ ಹತ್ತಿರ ಪಕ್ಕದ ಮನೆಯ ಅಮ್ಮ ಬಂದು ನಿಂತಿದ್ದರು. ಕೈಯಲ್ಲಿ ಖಾಲಿ ಬಕೆಟ್ಟು. ಸೀರೆಯೆಲ್ಲ ಹಾಲು.

"ಹಸ ಒದ್ಬುಡ್ತು ಸಾರ್. ಒಂದ್ ಮಾತ್ ಹೇಳಿದ್ರೆ ಮುಂಚೇನೇ ಕರ್ದ್ಬುಡ್ತಿದ್ದೆ" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬೆಂಗಳೂರಿನ ಸುತ್ತ ಕನಕಪುರ, ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ತುಂಡು ಜಮೀನು ಮಾಡಿಕೊಂಡು ವಾರಕ್ಕೊಮ್ಮೆ ಹೋಗಿಬರುವ ನಮ್ಮಂಥವರು ಈಗ ಜಾಸ್ತಿ. ಹಂಡೆ ಒಲೆ ಹಾಕಿಸುತ್ತೇವೆ. ಅದಕ್ಕೆ ಸೌದೆ ಬೇಕಲ್ವಾ? ಮರ ಹೇಗೆ ಕುಯ್ಯಬೇಕು ಅಂತ ಫೋನಿನಲ್ಲಿ ವಿಡಿಯೊ ನೋಡಿ ಕಲಿಯುತ್ತೇವೆ. ಪಕ್ಕದವರ ಹಸು ಎಷ್ಟು ಹೊತ್ತಿಗೆ ಹಾಲು ಕೊಡುತ್ತದೆ ಅಂತ ಮಾತ್ರ ಯಾವ ವಿಡಿಯೊನೂ ಹೇಳುವುದಿಲ್ಲ.

ಮೊದಲು ಗಡಿಯಾರ ಹೊಂದಿಸಿ

ಮರ ಗುರುತು ಮಾಡುವುದಕ್ಕೂ ಮುಂಚೆ, ಒಂದು ವಾರ ಇರುವಾಗಲೇ, ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಬನ್ನಿ. ಫೋನ್ ಬೇಡ, ಕಾಲಲ್ಲೇ ಹೋಗಿ. "ಮುಂದಿನ ಭಾನುವಾರ ಎರಡು ಮರ ಕುಯ್ಯೋಣ ಅಂತಿದ್ದೀನಣ್ಣ, ನಿಮಗೇನಾದರೂ ತೊಂದರೆ ಆಗುತ್ತಾ?" ಅಂತ ಕೇಳಿದರೆ ಸಾಕು. "ಕುಯ್ತೀನಿ" ಅಂತ ತಿಳಿಸುವುದೇ ಬೇರೆ, "ಕುಯ್ಯೋಣ ಅಂತಿದ್ದೀನಿ" ಅಂತ ಕೇಳುವುದೇ ಬೇರೆ.

ಕಾನೂನಿನ ಲೆಕ್ಕದಲ್ಲಿ ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ವಾಸದ ಪ್ರದೇಶದಲ್ಲಿ ಹಗಲಿನ ಸದ್ದಿನ ಮಿತಿ 55 ಡೆಸಿಬಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮರ ಕುಯ್ಯುವ ಮೆಷಿನ್ ಹಿಡಿದವನ ಕಿವಿಗೆ 100 ಡೆಸಿಬಲ್ಲಿಗೂ ಮೇಲೆ ಬಡಿಯುತ್ತದೆ. ಆದರೆ ಊರಿನ ಗಡಿಯಾರ ನಡೆಯುವುದು ಹಸುವಿನ ಲೆಕ್ಕದಲ್ಲಿ. ಬೆಳಗ್ಗೆ ಕರೆದು ಡೈರಿಗೆ ಹಾಕಿ ಬರಬೇಕು, ಸಂಜೆ ಮತ್ತೆ ಅದೇ ಕೆಲಸ. ಈ ಎರಡು ಹೊತ್ತು ಬಿಟ್ಟು, ಹತ್ತರಿಂದ ಮೂರೂವರೆಯೊಳಗೆ ಮೆಷಿನ್ ಕೆಲಸ ಮುಗಿಸಿ. ಕೊಡಲಿ ಸದ್ದಿಗೆ ಯಾರೂ ಏನೂ ಅನ್ನುವುದಿಲ್ಲ. ಅದು ಊರಿಗೆ ಗೊತ್ತಿರುವ ಸದ್ದು.

ಹಸುವಿಗಿಂತ ಸೂಕ್ಷ್ಮ ರೇಷ್ಮೆ ಹುಳ. ಮಾಗಡಿ, ಕನಕಪುರ, ರಾಮನಗರ, ದೇವನಹಳ್ಳಿ ಕಡೆ ಜಮೀನಿದ್ದವರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಹುಳ ಗೂಡು ಕಟ್ಟುವುದಕ್ಕೆ ಮುಂಚೆ ಹೆಚ್ಚುಕಡಿಮೆ 25 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ನಡುವೆ 4 ಸಲ ಪೊರೆ ಬಿಡುತ್ತದೆ. ರೈತರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರದಲ್ಲಿದ್ದಾಗ ಹುಳ ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ, ತಿನ್ನುವುದಿಲ್ಲ, ಅದನ್ನು ಅಲುಗಾಡಿಸುವಂತಿಲ್ಲ. ಹೊಗೆಯಂತೂ ಅದಕ್ಕೆ ಯಾವತ್ತೂ ಆಗಿಬರುವುದಿಲ್ಲ. ನೀವು ಇಲ್ಲಿ ಹಸಿ ರೆಂಬೆ ಗುಡ್ಡೆ ಹಾಕಿ ಬೆಂಕಿ ಕೊಟ್ಟರೆ, ಗಾಳಿ ಆ ಕಡೆ ತಿರುಗಿದರೆ, ಅವರ ಒಂದು ಬೆಳೆಯ ದುಡ್ಡಿಗೇ ಸಂಚಕಾರ. ಇನ್ನೊಂದು ವಿಷಯ ನನಗೆ ಎರಡನೇ ವರ್ಷ ಗೊತ್ತಾಯಿತು. ಮೆಷಿನ್ನಿನಿಂದ ಹಾರುವ ಮರದ ಹೊಟ್ಟು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಧೂಳು ಹಿಡಿದ ಸೊಪ್ಪನ್ನು ಹುಳಕ್ಕೆ ಹಾಕುವುದಿಲ್ಲ. ಪಕ್ಕದಲ್ಲಿ ಸೊಪ್ಪಿನ ತೋಟವಿದ್ದರೆ ದಿಮ್ಮಿಯನ್ನು ಬೇಲಿಯಿಂದ ಆದಷ್ಟು ಒಳಗೆ ಉರುಳಿಸಿಕೊಂಡು ತುಂಡು ಮಾಡಿ. "ಹುಳ ಎಷ್ಟನೇ ಜ್ವರದಲ್ಲಿದೆ?" ಅಂತ ಒಮ್ಮೆ ಕೇಳಿ ನೋಡಿ. ಪ್ಯಾಂಟು ಹಾಕಿಕೊಂಡು ಬಂದವನ ಬಾಯಲ್ಲಿ ಆ ಮಾತು ಬಂದರೆ ಕಾಫಿ ಗ್ಯಾರಂಟಿ.

ಮರ ಯಾರದ್ದು?

ಬದುವಿನ ಮೇಲಿನ ಮರವನ್ನು ನಿಮ್ಮದು ಅಂದುಕೊಳ್ಳಬೇಡಿ. ಅವರದ್ದು ಅಂತಲೂ ಅಂದುಕೊಳ್ಳಬೇಡಿ. ಮೂರು ತಲೆಮಾರಿನ ಹಿಂದೆ ಯಾರೋ ನೆಟ್ಟಿರುತ್ತಾರೆ, ಇಬ್ಬರೂ ಹಣ್ಣು ತಿಂದಿರುತ್ತಾರೆ. ಅನುಮಾನವಿದ್ದರೆ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು, ಅರ್ಜಿ ಹಾಕಬಹುದು, ಭೂಮಾಪಕರು ಬಂದು ಅಳೆದು ಕಲ್ಲು ತೋರಿಸುತ್ತಾರೆ. ಆದರೆ ಎರಡು ಗಾಡಿ ಸೌದೆಗೋಸ್ಕರ ಸರ್ವೆ ಮಾಡಿಸಲು ಹೊರಟರೆ ಊರಿನವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಆ ಮರ ಬಿಟ್ಟು ಇನ್ನೊಂದು ನೋಡಿಕೊಳ್ಳುವುದು ವಾಸಿ.

ಹಾಗೆಯೇ ಮರದ ಬುಡ ನೋಡಿ. ಅರಿಶಿನ ಕುಂಕುಮ, ಒಡೆದ ತೆಂಗಿನಕಾಯಿ ಚಿಪ್ಪು, ಮೂರು ಕಲ್ಲು ಇದ್ದರೆ ಕೊಡಲಿ ಕೆಳಗಿಡಿ. ಈ ಕಡೆ ಮುನೇಶ್ವರನ ಮರ ಅಂತ ಇರುತ್ತವೆ. ನೀವು ನಂಬುತ್ತೀರೋ ಇಲ್ಲವೋ ಅದು ಬೇರೆ. ಅಮಾವಾಸ್ಯೆ ದಿನ ಮರ ಕುಯ್ಯಬೇಡಿ ಅಂದರೆ ಮಾರನೇ ದಿನ ಕುಯ್ಯಿರಿ. ಒಂದು ದಿನಕ್ಕೆ ಮರವೇನೂ ಓಡಿಹೋಗುವುದಿಲ್ಲ.

ಕಾಗದದ ಕೆಲಸ

ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯಲು ಅನುಮತಿ ಬೇಕು. ಹಳ್ಳಿಗಾಡಿನಲ್ಲಿ ನೀಲಗಿರಿ, ಸರ್ವೆ ಮರ (ಗಾಳಿಮರ), ಸಿಲ್ವರ್ ಓಕ್, ಗ್ಲಿರಿಸಿಡಿಯಾದಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಹೊಂಗೆ, ಬೇವು, ಹಲಸು ಅಂದರೆ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ ಕೇಳಿ. ಶ್ರೀಗಂಧ ಇದ್ದರೆ ಮುಟ್ಟಲೇಬೇಡಿ. ನಗರದೊಳಗಿನ ಸೈಟಿನಲ್ಲಿ ಯಾವ ಮರವಾದರೂ ಕೇಳಿಯೇ ಮುಂದುವರಿಯಿರಿ.

ನನ್ನ ಕೇಳಿದರೆ, ನೀಲಗಿರಿಯಿಂದಲೇ ಶುರು ಮಾಡಿ. ಬೋರ್‌ವೆಲ್ ಬತ್ತಿದಾಗೆಲ್ಲ ಪಕ್ಕದವರ ಕಣ್ಣು ಮೊದಲು ಬೀಳುವುದು ನಿಮ್ಮ ನೀಲಗಿರಿ ಮೇಲೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಕಡಿದ ಮೇಲೆ ಬೊಡ್ಡೆ ಮತ್ತೆ ಚಿಗುರುತ್ತದೆ, ಆ ಚಿಗುರನ್ನು ಆಗಾಗ ಮುರಿಯುತ್ತಿರಬೇಕು.

ಬೀಳಿಸುವಾಗ

ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ನೀವು ಕೈಹಾಕಬೇಡಿ. ಲೈನ್‌ಮನ್‌ಗೆ ಹೇಳಿ, ಅಥವಾ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಇಡೀ ಊರಿನ ಮೋಟರು ನಿಂತರೆ ಯಾವ ಕಾಫಿಯೂ ಸಿಗುವುದಿಲ್ಲ.

ಮರ ಬೀಳಬೇಕಾದ ಕಡೆಗೆ ಮೊದಲು ಬಾಯಿ, ಅಂದರೆ ಬೆಣೆಯಾಕಾರದ ಕಚ್ಚು, ತೆಗೆಯಬೇಕು. ಕಾಂಡದ ದಪ್ಪದಲ್ಲಿ ಕಾಲುಭಾಗದಷ್ಟು ಆಳ ಸಾಕು. ಆಮೇಲೆ ಹಿಂದಿನಿಂದ, ಬಾಯಿಗಿಂತ ಒಂದು ಅಂಗುಲ ಮೇಲೆ, ಕುಯ್ಯುತ್ತಾ ಬರಬೇಕು. ಪೂರ್ತಿ ಕುಯ್ಯಬಾರದು. ನಡುವೆ ಉಳಿಯುವ ಪಟ್ಟಿಯೇ ಬಾಗಿಲಿನ ಕೀಲಿನ ಹಾಗೆ ಮರವನ್ನು ಹಿಡಿದು ಮಲಗಿಸುತ್ತದೆ. ಮರದ ಎತ್ತರದ ಎರಡರಷ್ಟು ದೂರದೊಳಗೆ ಯಾರೂ ಇರಬಾರದು. ಮೇಕೆ ಮೇಯಿಸುವ ಹುಡುಗರಿಗೆ ಇದನ್ನು ಹಿಂದಿನ ದಿನವೇ ಹೇಳಿರಬೇಕು. ಮರ ಬೀಳುವುದನ್ನು ನೋಡಲು ಓಡಿಬರುವವರು ಅವರೇ.

ಜನವರಿಯಲ್ಲಿ ರಾಗಿ ಕೊಯ್ಲಾಗಿ ಹೊಲ ಬರಿದಾಗಿರುತ್ತದೆ, ಟ್ರ್ಯಾಕ್ಟರ್ ಅಡ್ಡ ಹೊಡೆಸಬಹುದು ಅಂತ ಅನಿಸುತ್ತದೆ. ಹತ್ತಿರ ಹೋಗಿ ನೋಡಿ. ರಾಗಿ ಕೂಳೆಯ ನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ಜೊತೆ ನಡುನಡುವೆ ಬಿತ್ತಿದ ಸಾಲಿನಲ್ಲಿ, ಅವರೆ, ತೊಗರಿ ಇನ್ನೂ ನಿಂತಿರುತ್ತದೆ. ಬದುವಿನ ಗುಂಟ ಹನಿ ನೀರಾವರಿಯ ಕಪ್ಪು ಪೈಪು ಮಲಗಿರುತ್ತದೆ. ಅದರ ಮೇಲೆ ಚಕ್ರ ಹರಿದರೆ ಅವತ್ತೇನೂ ಗೊತ್ತಾಗುವುದಿಲ್ಲ, ಮುಂದಿನ ಸಲ ನೀರು ಬಿಟ್ಟಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿರುತ್ತೀರಿ.

ಒಡೆಯುವ ಕೆಲಸ

ಮೊದಲು ನಿಮ್ಮ ಒಲೆಯ ಬಾಯಿ ಅಳೆಯಿರಿ. ಹಂಡೆ ಒಲೆಗೆ ಒಂದೂವರೆ ಅಡಿ ತುಂಡು ಸಾಮಾನ್ಯವಾಗಿ ಸರಿಹೋಗುತ್ತದೆ.

ನೀಲಗಿರಿಯನ್ನು ಹಸಿ ಇರುವಾಗಲೇ ಒಡೆಯಬೇಕು. ಅದರ ನಾರು ತಿರುಚಿಕೊಂಡಿರುತ್ತದೆ. ಒಣಗಿದರೆ ಕಬ್ಬಿಣ. ನಾನು ನಾಲ್ಕು ತಿಂಗಳು ಹಾಗೇ ಬಿಟ್ಟು, ಆಮೇಲೆ ಕೊಡಲಿ ಹಾಕಿದರೆ ಅದು ಟಣ್ ಅಂತ ವಾಪಸ್ ಎಗರಿ ಬಂತು. ಬದುವಿನಾಚೆ ಕೂತಿದ್ದ ಯಜಮಾನರು ಒಂದು ಗಂಟೆ ಸುಮ್ನೆ ನೋಡಿದರು. ಕೊನೆಗೆ ತಡೆಯಲಾರದೆ ಎದ್ದು ಬಂದರು.

"ನಡುಮಧ್ಯಕ್ಕೆ ಯಾಕ್ ಹೊಡೀತೀರಾ ಸ್ವಾಮಿ? ಅಂಚಿಂದ ಬನ್ನಿ."

ದಪ್ಪ ಕೊರಡಾದರೆ ಅಂಚಿನಿಂದ ಚಕ್ಕೆ ತೆಗೆಯುತ್ತಾ ಸುತ್ತ ಬರಬೇಕು. ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಆ ಬಿರುಕಿಗೇ ಹೊಡೆಯಬೇಕು. ಗಂಟಿಗೆ ಹೊಡೆಯಬಾರದು. ಗಂಟಿರುವ ಕಡೆ ಬೆಣೆ ಕೂರಿಸಿ ದೊಡ್ಡ ಸುತ್ತಿಗೆಯಲ್ಲಿ ಬಡಿಯಬೇಕು. ಕೆಳಗೆ ಮೊಣಕಾಲಿಗಿಂತ ತಗ್ಗಾದ ಬೊಡ್ಡೆಯೊಂದು ಇರಲಿ. ಅದರ ಮೇಲೆ ಹಳೇ ಸ್ಕೂಟರ್ ಟೈರು ಇಟ್ಟು, ಒಳಗೆ ಕೊರಡು ನಿಲ್ಲಿಸಿದರೆ ಸೀಳು ಎತ್ತೆತ್ತಲೋ ಹಾರುವುದಿಲ್ಲ. ಟೈರಿನ ಉಪಾಯ ನನ್ನದು. ಯಜಮಾನರು ಅದನ್ನು ನೋಡಿ ನಕ್ಕರು, ಮುಂದಿನ ವಾರ ಅವರ ಹಿತ್ತಲಲ್ಲೂ ಒಂದು ಟೈರಿತ್ತು.

ಬೆಣೆಗೆ ಸುತ್ತಿಗೆ ಬೀಳುವ ಸದ್ದು ಕೊಡಲಿಗಿಂತ ದೂರ ಹೋಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಊರು ಮಲಗುತ್ತದೆ. ನೀವೂ ಮಲಗಿ.

ಆಳು ಬೇಕಾದರೆ ಊರಿನವರನ್ನೇ ಕೇಳಿ. ನಗರದಿಂದ ಜನ ಕರೆತಂದರೆ ಕೂಲಿ ಎಷ್ಟು ಕೊಟ್ಟಿರಿ ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಮುಂದೆ ಕಳೆ ತೆಗೆಯಲು ಆಳು ಸಿಗದಿದ್ದಾಗ ಅದರ ಕಾರಣ ನಿಮಗೇ ಗೊತ್ತಿರುತ್ತದೆ.

ಎಲ್ಲಿ ಪೇರಿಸಬೇಕು

ಪಕ್ಕದವರ ಗೋಡೆಗೆ ಒರಗಿಸಿ ಮಾತ್ರ ಬೇಡ. ಗೆದ್ದಲು ಅಲ್ಲಿಂದ ಅವರ ಮನೆಗೆ ದಾರಿ ಮಾಡಿಕೊಳ್ಳುತ್ತದೆ. ಸೌದೆ ಸಂದಿನಲ್ಲಿ ಚೇಳು ಸೇರುತ್ತದೆ, ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಕೊಟ್ಟಿಗೆ, ಹುಲ್ಲಿನ ಮೆದೆಯಿಂದಲೂ ದೂರ ಇರಲಿ. ಚಪ್ಪಡಿ ಕಲ್ಲಿನ ಮೇಲೆ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ, ಗಾಳಿ ಆಡುವಂತೆ ಪೇರಿಸಿ. ಮೇಲೆ ಮಾತ್ರ ಶೀಟು ಮುಚ್ಚಿ, ಪಕ್ಕ ಮುಚ್ಚಬೇಡಿ. ಸೌದೆ ಎಳೆಯುವಾಗ ಮೊದಲು ಕೋಲಿನಲ್ಲಿ ಒಮ್ಮೆ ತಟ್ಟಿ.

ಹಸಿ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರಬಹುದು. ಚೆನ್ನಾಗಿ ಉರಿಯಬೇಕಾದರೆ ಅದು ಶೇಕಡ 20ಕ್ಕಿಂತ ಕೆಳಗೆ ಇಳಿಯಬೇಕು. ಜನವರಿಯಲ್ಲಿ ಸೀಳಿದ್ದು ಫೆಬ್ರುವರಿ, ಮಾರ್ಚಿನ ಬಿಸಿಲು ತಿಂದು ಮಳೆಗಾಲದ ಹೊತ್ತಿಗೆ ಹದಕ್ಕೆ ಬರುತ್ತದೆ. ದಪ್ಪ ಸೀಳಾದರೆ ಮುಂದಿನ ಬೇಸಿಗೆವರೆಗೂ ಬಿಡಿ. ಎರಡು ಸೀಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಗಟ್ಟಿಯಾಗಿ ಸದ್ದು ಬರುತ್ತದೆ, ಹಸಿಯಾದರೆ ಡಬ್ ಅನ್ನುತ್ತದೆ. ಹಸಿ ಸೌದೆಯ ಹೊಗೆ ಯಾರ ಅಂಗಳಕ್ಕೆ ಹೋಗುತ್ತದೆ ಅಂತ ಗಾಳಿಯನ್ನೇ ಕೇಳಬೇಕು. ನಮ್ಮದು ಸೀದಾ ರೇಷ್ಮೆ ಮನೆ ಕಡೆ ಹೋಗುತ್ತಿತ್ತು.

ಪುರಳೆ ಯಾರಿಗೆ

ದಪ್ಪ ತುಂಡು ನಿಮ್ಮದು. ಸಣ್ಣ ರೆಂಬೆ, ಪುರಳೆ (ಒಣ ಕಡ್ಡಿ), ಚಕ್ಕೆ, ಸಿಪ್ಪೆ? ಅದನ್ನೆಲ್ಲ ಒಟ್ಟು ಮಾಡಿ ಬೆಂಕಿ ಹಾಕುವವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಗ್ಯಾಸ್ ಇದ್ದರೂ ಊರಿನಲ್ಲಿ ಮುದ್ದೆಗೆ, ಸ್ನಾನದ ನೀರಿಗೆ ಇನ್ನೂ ಒಲೆ ಉರಿಯುತ್ತದೆ. ಆದರೆ ನಿಮ್ಮ ಬೇಲಿ ದಾಟಿ ಬಂದು ಆರಿಸಿಕೊಳ್ಳಲು ಅವರಿಗೆ ಸಂಕೋಚ. ನೀವಾಗಿ ಕರೆಯಬೇಕು. "ಪುರಳೆ ಬಿದ್ದಿದೆ, ತಗೊಂಡು ಹೋಗಮ್ಮ" ಅಂದರೆ ಒಂದೇ ಸಂಜೆಗೆ ಜಾಗ ಗುಡಿಸಿದ ಹಾಗೆ ಆಗಿರುತ್ತದೆ. ಗ್ಲಿರಿಸಿಡಿಯಾ, ಹೊಂಗೆ ಸೊಪ್ಪಾದರೆ ಗೊಬ್ಬರಕ್ಕೆ ಕೇಳುವವರು ಇದ್ದೇ ಇರುತ್ತಾರೆ. ಹಾಲು ಚೆಲ್ಲಿಕೊಂಡ ಅಮ್ಮನಿಗೆ ನಾನು ಮೊದಲು ದುಡ್ಡು ಕೊಡಲು ಹೋದೆ. ಮುಖ ಸಿಂಡರಿಸಿದರು. ಒಂದು ಹೊರೆ ಸೌದೆ ತಂದು ಅವರ ಹಿತ್ತಲಿಗೆ ಹಾಕಿದೆ. ಅದನ್ನು ಬೇಡ ಅನ್ನಲಿಲ್ಲ. ಆ ವಾರ ನಮ್ಮ ಮನೆಗೆ ಒಂದು ಮೊರ ಅವರೆಕಾಯಿ ಬಂತು.

ಇನ್ನು ಸಾಲ ತಂದ ಸಾಮಾನು. ಬೆಣೆ, ಕೊಡಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೆಲಸ ಮುಗಿದ ದಿನವೇ, ಮಣ್ಣು ಒರೆಸಿ, ಸಾಣೆ ಹಿಡಿದು ಕೊಡಿ. ಕಾವು (ಹಿಡಿ) ಸಡಿಲವಾಗಿದ್ದರೆ ಹೊಸದು ಹಾಕಿಸಿಕೊಡಿ. ಯಜಮಾನರ ಕೊಡಲಿಯನ್ನು ನಾನು ಈವರೆಗೆ ನಾಲ್ಕು ಸಲ ತಂದಿದ್ದೇನೆ, ನಾಲ್ಕು ಸಲವೂ ಸಾಣೆ ಹಿಡಿದೇ ಕೊಟ್ಟಿದ್ದೇನೆ. ಅವರು ಈಗಲೂ ಅಂಚಿಗೆ ಹೆಬ್ಬೆರಳು ಸವರಿ, ಒಮ್ಮೆ ನನ್ನ ಮುಖ ನೋಡಿಯೇ ಅದನ್ನು ಒಳಗಿಡುತ್ತಾರೆ.