ರಾಗಿ ಬ್ರೆಡ್ ಕೊನೆಗೂ ಉಬ್ಬಿತು

ಹದಿನಾಲ್ಕನೇ ಸಲಕ್ಕೆ ಬಂತು. ಮೂವತ್ತು ಪರ್ಸೆಂಟ್ ರಾಗಿ ಇರುವ ಬ್ರೆಡ್. ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ.

ನಮ್ಮ ಹಾಸನದ ಕಡೆಯವರಿಗೆ ಬೇಕರಿ ಹೊಸದೇನಲ್ಲ. ದೊಡ್ಡಪ್ಪನ ಮಗ ಇಪ್ಪತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದಾರೆ. ಅವರನ್ನು ಕೇಳಿದಾಗ, "ರಾಗಿಗೆ ಜಿಗುಟಿಲ್ಲ ಕಣಮ್ಮ. ಮುದ್ದೆ ಮಾಡ್ಕೊಂಡು ತಿನ್ನು, ಬ್ರೆಡ್ ಸಹವಾಸ ಬೇಡ" ಅಂದಿದ್ದರು. 2023ರಲ್ಲಿ ಎಲ್ಲಿ ನೋಡಿದರೂ ಸಿರಿಧಾನ್ಯ ವರ್ಷದ ಮಾತು. ಅಂಗಡಿಯ ರಾಗಿ ಬ್ರೆಡ್ ತಂದು ಪ್ಯಾಕೆಟ್ ಹಿಂದೆ ಓದಿದರೆ ಮೈದಾನೇ ಜಾಸ್ತಿ. ನಾನೇ ಮಾಡುತ್ತೇನೆ ಅಂತ ಆವತ್ತೇ ಹಠ ಹಿಡಿದೆ.

ಮೊದಲನೇ ಸಲ ಅರ್ಧ ರಾಗಿ, ಅರ್ಧ ಮೈದಾ. ಹೊರಗೆ ತೆಗೆದರೆ ಚಾಕು ಇಳಿಯಲಿಲ್ಲ. ನಮ್ಮ ಎಜಮಾನರು ಹಿತ್ತಲಿಂದ ಎಳನೀರು ಕೆತ್ತುವ ಮಚ್ಚು ತಂದು ನಾಲ್ಕು ತುಂಡು ಮಾಡಿದರು. ಪಕ್ಕದ ಮನೆ ಹಸುವಿಗೆ ಹಾಕಿದರೆ ಅದು ಮೂಸಿ ನೋಡಿ ಹುಲ್ಲಿನ ಕಡೆ ತಿರುಗಿತು.

ದಾರಿ ಸಿಕ್ಕಿದ್ದು ಪಾತ್ರೆ ತೊಳೆಯುವಾಗ. ರಾತ್ರಿ ಕಾಯಿಸಿಟ್ಟ ಅಂಬಲಿ ತಳದಲ್ಲಿ ಆರಿ ಹೋಗಿತ್ತು. ಉಗುರಲ್ಲಿ ಅಂಚು ಎಬ್ಬಿಸಿದೆ. ತೆಳ್ಳಗೆ ಹಾಳೆ ಥರ ಪೂರ್ತಿ ಎದ್ದು ಬಂತು, ಬೆರಳಿಗೆ ಸುತ್ತಿದರೂ ಹರಿಯಲಿಲ್ಲ. ಹಸಿ ಹಿಟ್ಟಿಗಿಲ್ಲದ ಹಿಡಿತ ಬೆಂದ ಹಿಟ್ಟಿಗಿದೆ ಅಂತ ಆಗ ಹೊಳೆಯಿತು. "ರಾಗಿ ಬೇಯಬೇಕು, ಸುಮ್ನೆ ಕಲಸಿದರೆ ಆಗಲ್ಲ" ಅಂತ ಅತ್ತೆ ಮುದ್ದೆ ಮಾಡುವಾಗ ದಿನಾ ಹೇಳುತ್ತಿದ್ದದ್ದೂ ಅದನ್ನೇ ಅಲ್ವಾ!

ಸ್ವಲ್ಪ ರಾಗಿ ಹಿಟ್ಟನ್ನು ಮೊದಲೇ ಗಂಜಿ ಕಾಯಿಸಿ ಬ್ರೆಡ್ ಹಿಟ್ಟಿಗೆ ಸೇರಿಸೋಣ ಅಂದುಕೊಂಡೆ. ಆದರೆ ಖುಷಿಯಲ್ಲಿ ಬಿಸಿ ಗಂಜಿಯನ್ನೇ ಈಸ್ಟ್ ಮೇಲೆ ಸುರಿದುಬಿಟ್ಟೆ. ಈಸ್ಟ್ ಸತ್ತೇ ಹೋಯಿತು. ಮೂರು ಗಂಟೆ ಕಾದರೂ ಹಿಟ್ಟು ಅಲ್ಲಾಡಲಿಲ್ಲ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ಕಾವಲಿ ಮೇಲೆ ರೊಟ್ಟಿ ತಟ್ಟಿದೆ. ಮಕ್ಕಳು ಎರಡೆರಡು ತಿಂದರು.

ಮುಂದಿನ ಸಲ ಗಂಜಿ ಚೆನ್ನಾಗಿ ಆರಿಸಿದೆ. ಏಪ್ರಿಲ್ ತಿಂಗಳ ಸೆಕೆ. ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಯಾಗಿ ಒತ್ತಿ ಮಲಗಿದೆ. ರಾತ್ರಿ ಒಂದು ಗಂಟೆಗೆ ಢಬ್ ಅಂತ ಸದ್ದು. ಮುಚ್ಚಳ ಹಾರಿ ತಟ್ಟೆ ಸ್ಟ್ಯಾಂಡ್ ಬೀಳಿಸಿತ್ತು. ಕಳ್ಳ ಬಂದ ಅಂತ ಮಾವ ಟಾರ್ಚು, ಕೋಲು ಹಿಡಿದು ಅಡುಗೆಮನೆಗೆ ಬಂದರು. ಹಿಟ್ಟು ಡಬ್ಬಿಯಿಂದ ಇಳಿದು ಕಟ್ಟೆ ಮೇಲೆ ಹರಿಯುತ್ತಿತ್ತು. ಎಲ್ಲರೂ ಗಾಬರಿಯಲ್ಲಿದ್ದರೆ ನಾನೊಬ್ಬಳು ಕುಣಿದೆ. ರಾಗಿ ಹಿಟ್ಟು ಅಷ್ಟು ಉಬ್ಬಿದ್ದು ಅದೇ ಮೊದಲು!

ಮತ್ತೊಂದು ಸಲ ಬೇಕಿಂಗ್ ಪೇಪರ್ ಕೇಳಿದರೆ ಅಂಗಡಿಯವರು ಮೇಣದ ಕಾಗದ ಕೊಟ್ಟರು. ಓಟಿಜಿಯಲ್ಲಿ (ಮನೆಯಲ್ಲಿಡುವ ಸಣ್ಣ ಕರೆಂಟ್ ಓವನ್) ಮೇಣ ಕರಗಿ ಮನೆಯೆಲ್ಲ ಹೊಗೆ. ಇನ್ನೊಂದು ಸಲ ಮಿಲ್‌ನಲ್ಲಿ ನಮ್ಮ ರಾಗಿಗಿಂತ ಮುಂಚೆ ಯಾರದೋ ಸಾರಿನ ಪುಡಿ ಬೀಸಿದ್ದರಂತೆ. ಬ್ರೆಡ್ ತಿಂದವರು ಒಬ್ಬೊಬ್ಬರಾಗಿ ನೀರು ಕೇಳಿದರು. ಆದರೆ ಆ ಘಮ ನನ್ನನ್ನು ಬಿಡಲಿಲ್ಲ. ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ ಹಾಕಿ ರಾಗಿ ಖಾರಾ ಬನ್ ಮಾಡಿದೆ. ಈಗ ಅದಕ್ಕೇ ಆರ್ಡರ್ ಜಾಸ್ತಿ.

ಮೊಳಕೆ ರಾಗಿ ಹಿಟ್ಟಲ್ಲೂ ಮಾಡಿ ನೋಡಿದೆ. ಮೇಲೆ ಚೆಂದ ಕೆಂಪಾಯಿತು, ಒಳಗೆ ಮಾತ್ರ ಅಂಟು ಅಂಟು. ಮೊಳಕೆ ಬಂದಾಗ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಗಟ್ಟಿಯಾಗಲ್ಲ. ಒಂದೆರಡು ಚಮಚಕ್ಕಿಂತ ಜಾಸ್ತಿ ಹಾಕಬೇಡಿ. ಹುರಿಹಿಟ್ಟು ಬೇರೆ ಥರ. ವಾಸನೆ ಅದ್ಭುತ, ಆದರೆ ನೀರು ಕುಡಿಯುತ್ತಲೇ ಇರುತ್ತದೆ. ಬಾಳೆ ಎಲೆ ಹಾಸಿ ಬೇಯಿಸಿದ್ದೂ ಚೆನ್ನಾಗಿತ್ತು, ಬ್ರೆಡ್ಡಿನ ತಳ ಹಸಿರಾಯಿತು ಅಷ್ಟೆ.

ಈಗ ನನ್ನ ಅಳತೆ ಹೇಳುತ್ತೇನೆ. ಮೈದಾ 350 ಗ್ರಾಂ, ರಾಗಿ 150. ನಮ್ಮ ಹೊಲದ್ದೇ ರಾಗಿ, ಜಿಪಿಯು-28 ತಳಿ, ನುಣ್ಣಗೆ ಬೀಸಿಸಿ ಎರಡು ಸಲ ಜರಡಿ ಹಿಡಿದದ್ದು. ಆ 150ರಲ್ಲಿ 40 ಗ್ರಾಂ ತೆಗೆದು ಸುಮಾರು 200 ಎಂಎಲ್ ನೀರಲ್ಲಿ ಗಂಜಿ ಕಾಯಿಸುತ್ತೇನೆ. ಸೌಟು ಎಳೆದರೆ ಪಾತ್ರೆ ತಳ ಕಾಣಬೇಕು. ಹಾಲು 170ರ ಆಸುಪಾಸು, ಮಳೆಗಾಲದಲ್ಲಿ ಸ್ವಲ್ಪ ಕಮ್ಮಿ. ಬೆಣ್ಣೆ 40, ಬೆಲ್ಲ 30, ಈಸ್ಟ್ ಒಂದೂವರೆ ಚಮಚ, ಉಪ್ಪೂ ಅಷ್ಟೇ, ಹಿಟ್ಟಿಗೆ ಜಿಗುಟು ಕೊಡುವ ಗ್ಲುಟನ್ ಪುಡಿ ಒಂದು ದೊಡ್ಡ ಚಮಚ. ಎರಡು ಬ್ರೆಡ್ ಆಗುತ್ತದೆ. ಗಂಜಿಗೆ ಇನ್ನೊಂದು ವಸ್ತು ಬೀಳುತ್ತದೆ, ಮನೆಯಲ್ಲೇ ಇರುವಂಥದ್ದು. ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಅರ್ಧ ತಪ್ಪು ಹಿಟ್ಟಿನದಾಗಿರಲೇ ಇಲ್ಲ. ಒಳಗಿಡುವ ಥರ್ಮಾಮೀಟರ್ ತಂದಾಗ ಗೊತ್ತಾಯಿತು. ಓಟಿಜಿ ಗುಬುಟು 180 ಅನ್ನುತ್ತದೆ, ಒಳಗೆ 155 ಇದೆ! ನಾನೂರು ರೂಪಾಯಿಯ ಸಾಮಾನು. ಮೊದಲೇ ತಂದಿದ್ದರೆ ಮೂರು ಸಾವಿರ ಉಳಿಯುತ್ತಿತ್ತು. ಬೆಣ್ಣೆ, ಕರೆಂಟು, ಗ್ಲುಟನ್ ಪುಡಿ ಸೇರಿ ಕಲಿಯುವುದಕ್ಕೇ ನಾಲ್ಕೂವರೆ ಸಾವಿರದ ಹತ್ತಿರ ಹೋಗಿದೆ. ಈಗ ಒಂದು ಬ್ರೆಡ್ಡಿಗೆ ನಲವತ್ತೈದು ಬೀಳುತ್ತದೆ, ತೊಂಬತ್ತಕ್ಕೆ ಕೊಡುತ್ತೇನೆ. ಜನವರಿಯಿಂದ ಲೆಕ್ಕ ಹಾಕಿದರೆ ಹೋದ ದುಡ್ಡೆಲ್ಲ ವಾಪಸ್ ಬಂತು.

ಹೋದ ಭಾನುವಾರ ದೊಡ್ಡಪ್ಪನ ಮಗ ಮನೆಗೆ ಬಂದಿದ್ದರು. ಒಂದು ಸ್ಲೈಸ್ ತೆಗೆದುಕೊಂಡು ಬೆಳಕಿಗೆ ಹಿಡಿದು ತೂತು ನೋಡಿದರು, ಮೂಸಿದರು, ತಿಂದರು. ಇನ್ನೊಂದು ಕೈಗೆತ್ತಿಕೊಂಡರು. "ಗಂಜಿಗೆ ಏನು ಹಾಕ್ತೀಯಾ?" ಅಂದರು. ನಾನು ಕಾಫಿ ತರುವುದಕ್ಕೆ ಒಳಗೆ ಹೋದೆ.